ತಲೆಮರೆಸಿಕೊಂಡ ದೊಡ್ಡಮ್ಮ

“ದೊಡ್ಡಮ್ಮನ್ನ ಎಲ್ಲಿ ಬಚ್ಚಿಟ್ಟಿದೀರ?”

ಗಡಿ ಇಲಾಖೆಯ ಸೀಲು ಸಾಹೇಬರು ಈ ಪ್ರಶ್ನೆಯನ್ನು ಮೂರನೇ ಸಲ ಕೇಳಿದರು. ಕೇಳಿದ ಪ್ರತಿ ಸಲವೂ ಕೈಯಲ್ಲಿದ್ದ ರಬ್ಬರ್ ಸೀಲನ್ನು ಖಾಲಿ ಮೇಜಿಗೆ ಕುಟ್ಟಿದರು. ಮೇಜಿನ ಮೇಲೆ ‘ಗಡಿಯಾಚೆ ಕಳಿಸಿ’ ಎಂದು ಮೂರು ಕಡೆ ನೇರಳೆ ಬಣ್ಣದಲ್ಲಿ ಅಚ್ಚಾಗಿತ್ತು. ಪಾಪದ ಮೇಜು, ಅದಾದರೂ ಎಲ್ಲಿಗೆ ಹೋಗಬೇಕು.

ಎದುರಿನ ಕುರ್ಚಿಯಲ್ಲಿ ಗೂಬೆ ಕಣ್ಣು ಮಿಟುಕಿಸದೆ ಕೂತಿದ್ದ. ಹಾಗೆ ಎರಡು ನಿಮಿಷ ಕೂರಬಲ್ಲ ಎನ್ನುವ ಕಾರಣಕ್ಕೇ ಅವನಿಗೆ ಆ ಹೆಸರು ಬಿದ್ದಿದ್ದು. ಬೋರ್ಡಿನಲ್ಲಿ ‘ಖಾಸಗಿ ಪತ್ತೇದಾರ’ ಎಂದು ಬಣ್ಣದಲ್ಲಿ ಬರೆಸಿದ್ದ, ನಿಜ. ಆದರೆ ಹೆತ್ತ ತಾಯಿಯೇ ಫೋನಿನಲ್ಲಿ “ಗೂಬೆ ಇದಾನಾ?” ಎಂದು ಕೇಳುವಾಗ ಬೋರ್ಡು ಏನು ಮಾಡೀತು.

“ಸಾಹೇಬ್ರೆ, ಯಾವ ದೊಡ್ಡಮ್ಮ? ನನಗೆ ಇಬ್ಬರು ದೊಡ್ಡಮ್ಮಂದಿರು. ಇಬ್ಬರೂ ಮನೇಲೇ ಇದಾರೆ. ಬೇಕಿದ್ರೆ ಹಿಡ್ಕೊಂಡು ಹೋಗಿ, ನಮ್ಮಮ್ಮ ಖುಷಿ ಪಡ್ತಾಳೆ.”

“ತಮಾಷೆ ಬೇಡ. ಲಾಂಡ್ರಿ ದೊಡ್ಡಮ್ಮ. ಏಳು ಜನ ಸಿಕ್ಕಿದ್ರು, ಇವಳೊಬ್ಬಳು ತಲೆಮರೆಸಿಕೊಂಡಿದಾಳೆ. ಗುಂಪಿನ ನಾಯಕಿ ಇವಳೇ.”

ಗೂಬೆಯ ಪಕ್ಕದಲ್ಲಿ ಬಟ್ಟೆಯ ಗಂಟು ತಬ್ಬಿಕೊಂಡು ಕೂತಿದ್ದ ಅಜ್ಜಿ ತಲೆ ಎತ್ತಿದಳು.

“ಅವಳನ್ನ ಬಿಟ್ಟು ನನ್ನ ಸೊಸೇನ ಹಿಡ್ಕೊಂಡು ಬಂದ್ರಾ? ಭೇಷ್. ಕಳ್ಳನ್ನ ಬಿಟ್ಟು ಕಂಬಕ್ಕೆ ಬೇಡಿ ಹಾಕೋರು ನೀವು.”

ನಿನ್ನೆ ಬೆಳಿಗ್ಗೆ ಇಲಾಖೆಯವರು ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿಯ ನೆಲಮಾಳಿಗೆಗೆ ನುಗ್ಗಿ, ಕಾಗದ ಇಲ್ಲದ ಏಳು ಜನರನ್ನು ವ್ಯಾನಿಗೆ ತುಂಬಿಕೊಂಡು ಬಂದಿದ್ದರು. ಏಳರಲ್ಲಿ ಒಬ್ಬಳು ಇಸ್ತ್ರಿಯಕ್ಕ, ಈ ಅಜ್ಜಿಯ ಸೊಸೆ. ದೂರು ಕೊಟ್ಟವರು ಯಾರೆಂದು ಪತ್ತೆ ಮಾಡಲು ಅಜ್ಜಿ ನಿನ್ನೆಯೇ ಗೂಬೆಯನ್ನು ಗೊತ್ತುಮಾಡಿದ್ದಳು.

ಅಜ್ಜಿ ಇಪ್ಪತ್ತೆರಡು ವರ್ಷದ ಹಿಂದೆ ಗಡಿ ದಾಟಿ ಬಂದವಳು. ಮರದ ಅಂಗಡಿಯಲ್ಲಿ ಹಲಗೆಗಳ ಮೇಲೆ ಕುಯ್ಯುವ ಗುರುತು ಹಾಕುತ್ತ ದುಡಿದು, ಕಾಗದ ಸಂಪಾದಿಸಿದವಳು. ಕೆಲಸ ಬಿಟ್ಟು ಆರು ವರ್ಷವಾದರೂ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಮಗ ಹೆಂಡತಿಯ ಕಾಗದಕ್ಕೆ ಅರ್ಜಿ ಹಾಕಿದ. ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಅವನೇ ತೀರಿಹೋದ. ಉಳಿದದ್ದು ಅತ್ತೆ, ಸೊಸೆ, ಒಂದು ಕೋಣೆ, ಒಂದು ಒಲೆ, ದಿನಕ್ಕೆ ಮೂರು ಜಗಳ.

“ಆ ಅರ್ಜಿ ಏನಾಯ್ತು ಸಾಹೇಬ್ರೆ?” ಗೂಬೆ ಕೇಳಿದ.

“ಪರಿಶೀಲನೇಲಿದೆ.”

“ಎಷ್ಟು ವರ್ಷದಿಂದ?”

ಸಾಹೇಬರು ಕಡತದ ಬೆನ್ನು ನೋಡಿದರು. “ಆರು.”

“ಈ ದೂರು ಯಾವತ್ತು ಬಂತು?”

“ಸೋಮವಾರ.”

“ಬುಧವಾರ ಹಿಡಿದ್ರಿ. ಇವತ್ತು ಗುರುವಾರ, ಐದು ಗಂಟೆಗೆ ಬಸ್ಸು. ಇರೋದಕ್ಕೆ ಅರ್ಜಿ ಹಾಕಿದ್ರೆ ಆರು ವರ್ಷ, ಓಡಿಸೋಕೆ ಅರ್ಜಿ ಹಾಕಿದ್ರೆ ಮೂರು ದಿನ. ಇಲಾಖೆ ಕುಂಟುತ್ತೆ ಅನ್ನೋರ ಬಾಯಿಗೆ ಬೀಗ ಹಾಕ್ಬೇಕು.”

ಸಾಹೇಬರು ಕೆಟ್ಟವರೇನಲ್ಲ. ಅವರಿಗೆ ಒಂದು ಬಸ್ಸು ಕೊಟ್ಟಿದ್ದರು, ಬಸ್ಸಿನಲ್ಲಿ ನಲವತ್ತು ಸೀಟು ಇದ್ದವು. ಖಾಲಿ ಸೀಟು ಕಂಡರೆ ಮೇಲಿನವರು ಫೋನು ಮಾಡುತ್ತಿದ್ದರು. ಮನುಷ್ಯನನ್ನು ಕೆಟ್ಟವನನ್ನಾಗಿ ಮಾಡಲು ಖಾಲಿ ಸೀಟಿಗಿಂತ ಹೆಚ್ಚಿನದು ಬೇಕಿಲ್ಲ.

“ನೋಡಪ್ಪ, ನೆನ್ನೇನೇ ಹೇಳಿದೀನಿ. ಒಂದೇ ದಾರಿ. ಕೆಲಸ ಕೊಟ್ಟ ಯಜಮಾನನೇ ದೂರು ಕೊಟ್ಟಿದಾನೆ ಅಂತ ಆದ್ರೆ, ಕೆಲಸದವರನ್ನ ಕಳಿಸೋ ಹಾಗಿಲ್ಲ. ಅವರು ಸಾಕ್ಷಿ ಆಗ್ತಾರೆ. ಕೇಸು ಮುಗಿಯೋವರೆಗೂ ಇಲ್ಲೇ. ಮನೆಯವರು, ಅದೂ ಕಾಗದ ಇರೋರು, ಹೆಸರು ಬರೆದು ಸಹಿ ಹಾಕ್ಬೇಕು. ಸುಳ್ಳು ಅಂತ ಗೊತ್ತಾದ್ರೆ ಸಹಿ ಹಾಕಿದವರ ಕಾಗದವೂ ರದ್ದು. ಅವರೂ ಬಸ್ಸಿಗೆ.”

“ದೂರು ತೋರ್ಸಿ.”

“ಮೂಲ ಗೋಪ್ಯ. ಸಹಿ ಇಲ್ಲ, ಹೆಸರಿಲ್ಲ, ಒಂದು ಹಾಳೆ ಅಷ್ಟೆ. ಅದರಲ್ಲಿದ್ದ ಹೆಸರುಗಳನ್ನ ಟೈಪ್ ಮಾಡಿಸಿದೀವಿ, ಇದನ್ನ ನೋಡು.” ಪಟ್ಟಿಯನ್ನು ತಿರುಗಿಸಿ ಇಟ್ಟರು. “ಐದನೇದು ದೊಡ್ಡಮ್ಮ. ಮೂಲದಲ್ಲಿ ಅವಳ ಹೆಸರಿಗೆ ಮಾತ್ರ ಕೆಂಪು ಗೆರೆ ಎಳೆದಿದ್ರು. ಸುಮ್ನೆ ಎಳೀತಾರಾ? ಪಕ್ಕದಲ್ಲಿ ‘ಮಂಗಳವಾರ ಎಣ್ಣೆ’ ಅಂತಿದೆ. ಕುಡಿಯೋ ಹೆಂಗಸು.”

ಅಜ್ಜಿ ಸೊಂಟದ ಚೀಲದಿಂದ ಮಾತ್ರೆ ತೆಗೆದು, ಉಗುರಿನಿಂದ ಅರ್ಧ ಮುರಿದು, ನೀರಿಲ್ಲದೆ ನುಂಗಿದಳು. “ಬೆಳಿಗ್ಗೆ ಎರಡು, ಮಧ್ಯಾಹ್ನ ಅರ್ಧ,” ಎಂದು ತನಗೆ ತಾನೇ ಹೇಳಿಕೊಂಡಳು. “ಸಾಹೇಬಾ, ಈ ಬಟ್ಟೆನಾದ್ರೂ ಅವಳಿಗೆ ಕೊಡಿ. ನೆನ್ನೆ ಉಟ್ಟಿದ್ದರಲ್ಲೇ ಇದಾಳೆ.”

“ಪರೀಕ್ಷೆ ಮಾಡ್ಬೇಕು.”

ಸಾಹೇಬರು ಗಂಟು ಬಿಚ್ಚಿದರು. ಎರಡು ಸೀರೆ, ಒಂದು ಟವೆಲು, ಸುಟ್ಟ ಗಾಯದ ಮುಲಾಮು. ಎಲ್ಲವನ್ನೂ ದಪ್ಪ ಕಾಗದದಲ್ಲಿ ನೀಟಾಗಿ ಸುತ್ತಿತ್ತು. ಕಾಗದದ ಮೇಲೆ ಗೆರೆ, ಮನೆ, ಹೆಸರು. ಲಾಂಡ್ರಿಯ ಹಳೆಯ ಡ್ಯೂಟಿ ಚಾರ್ಟು.

ಗೂಬೆಯ ಕಣ್ಣು ಚಾರ್ಟಿನಿಂದ ಪಟ್ಟಿಗೆ, ಪಟ್ಟಿಯಿಂದ ಚಾರ್ಟಿಗೆ ಹೋಯಿತು. ಅಕ್ಷರದ ಅನುಕ್ರಮವಲ್ಲ, ವಯಸ್ಸಿನದೂ ಅಲ್ಲ. ಚಾರ್ಟಿನಲ್ಲಿ ಹೆಸರುಗಳು ಹೇಗೆ ಇದ್ದವೋ ಪಟ್ಟಿಯಲ್ಲೂ ಹಾಗೇ ಇದ್ದವು. ಐದನೇ ಸಾಲಿನಲ್ಲಿ ದೊಡ್ಡಮ್ಮ. ಪಟ್ಟಿಯ ಕೊನೆಯಲ್ಲಿದ್ದವಳೊಬ್ಬಳು ಮಾತ್ರ ಈ ಹಳೆಯ ಚಾರ್ಟಿನಲ್ಲಿರಲಿಲ್ಲ, ಅವಳು ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ ಮಡಿಸುವವಳು.

ಅಂದರೆ ದೂರು ಕೊಟ್ಟವರ ಕೈಯಲ್ಲಿ ಹೋದ ವಾರದ ಚಾರ್ಟು ಇತ್ತು.

ಗೂಬೆ ಎದ್ದ. “ಅಜ್ಜೀ, ನೀವು ಇಲ್ಲೇ ಕೂತಿರಿ. ಬಸ್ಸು ಮುಂಚೆ ಹೊರಟ್ರೆ ಅಡ್ಡ ಮಲಗಿ.”

“ಹೋಗಿ ಬಾ ಮಗಾ. ಬರ್ಕೊಟ್ಟ ಆ ಪಾಪಿ ಮುಖ ಒಂದ್ಸಲ ನೋಡ್ಬೇಕು ನಾನು.”

*

ಲಾಂಡ್ರಿಯ ದಾರಿಯಲ್ಲಿ ಪ್ರತಿ ಕಂಬಕ್ಕೂ ಇಲಾಖೆಯ ಫಲಕ. ‘ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ? ಒಂದು ಸಾಲು ಬರೆಯಿರಿ. ಹೆಸರು ಬೇಡ, ಸಹಿ ಬೇಡ.’ ಕೆಳಗೆ ಕೆಂಪು ಅಂಚೆಡಬ್ಬಿಯ ಚಿತ್ರ, ಡಬ್ಬಿಗೆ ನಗುಮುಖ. ಸಿನಿಮಾದಲ್ಲಿ ವಿಲನ್ನಿಗಾದರೂ ಎದುರು ಬಂದು ಡೈಲಾಗು ಹೊಡೆಯುವ ಮರ್ಯಾದೆ ಇರುತ್ತದೆ. ಇಲ್ಲಿ ಅದೂ ಬೇಡವಂತೆ.

ನೆಲಮಾಳಿಗೆಯ ಬಾಗಿಲು ತೆಗೆದರೆ ಬಿಸಿ ಆವಿ ಮುಖಕ್ಕೆ ಒದ್ದೆ ಬಟ್ಟೆ ಎಸೆದ ಹಾಗೆ ಬಡಿಯಿತು. ಆಮೇಲೆ ಬ್ಲೀಚಿನ ವಾಸನೆ. ಆಸ್ಪತ್ರೆಯ ಬೆಡ್‌ಶೀಟುಗಳು ಸೊಂಟದೆತ್ತರ ರಾಶಿ ಬಿದ್ದಿದ್ದವು. ಒಗೆಯುವ ಡ್ರಮ್ಮುಗಳು ಆರು, ತಿರುಗುತ್ತಿದ್ದುದು ಎರಡು. ಉಳಿದ ನಾಲ್ಕರ ಕೈಗಳು ಗಡಿ ಇಲಾಖೆಯ ಕೋಣೆಯಲ್ಲಿದ್ದವು.

ಮೇಸ್ತ್ರಿ ಒಬ್ಬನೇ ನಾಲ್ಕು ಜನರ ಕೆಲಸ ಮಾಡುತ್ತಿದ್ದ, ಅಂದರೆ ನಾಲ್ಕನ್ನೂ ಹಾಳು ಮಾಡುತ್ತಿದ್ದ.

“ಮೇಸ್ತ್ರಿ, ಒಂದೇ ಪ್ರಶ್ನೆ. ದೊಡ್ಡಮ್ಮ ಎಲ್ಲಿ?”

ಮೇಸ್ತ್ರಿ ಗೂಬೆಯನ್ನು ಮೇಲಿಂದ ಕೆಳಗೆ ನೋಡಿದ. “ಅದರ ಮುಂದೇ ನಿಂತ್ಕೊಂಡು ಕೇಳ್ತಿದೀಯ.”

ಗೂಬೆ ತಿರುಗಿದ. ಹಿಂದೆ ಬಸ್ಸಿನಷ್ಟು ಉದ್ದದ, ಆನೆಯ ಬಣ್ಣದ ಇಸ್ತ್ರಿ ಯಂತ್ರ. ಮೂರು ದಪ್ಪ ರೋಲರುಗಳು. ಒದ್ದೆ ಶೀಟನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ಹಪ್ಪಳದ ಹಾಗೆ ಉಗಿಯುವ ಹೊಟ್ಟೆ. ಆ ಹೊಟ್ಟೆಯ ಮೇಲೆ, ನಟ್ಟನಡುವೆ, ಅಂಟು ಇನ್ನೂ ಆರದ ಒಂದು ಪ್ರಕಟಣೆ: ‘ದೊಡ್ಡಮ್ಮ ಎಂಬ ಹೆಂಗಸು ತಲೆಮರೆಸಿಕೊಂಡಿದ್ದಾಳೆ. ಸುಳಿವು ಸಿಕ್ಕವರು ತಿಳಿಸಿ.’

ಗೂಬೆ ಅದನ್ನು ಎರಡು ಸಲ ಓದಿದ. ನಗು ಹೊಟ್ಟೆಯಿಂದ ಹೊರಟು ಗಂಟಲಲ್ಲಿ ನಿಂತಿತು.

“ಇದನ್ನ ಇಲ್ಲಿ ಅಂಟಿಸಿದ್ದು ಯಾರು?”

“ಅವರೇ. ಗೋಡೆಯೆಲ್ಲ ಒದ್ದೆ, ಅಂಟಲಿಲ್ಲ. ಇವಳ ಹೊಟ್ಟೆ ಒಣಗಿತ್ತು.”

“ಇವಳೇ ದೊಡ್ಡಮ್ಮ ಅಂತ ಹೇಳ್ಬಾರದಾ ಮಾರಾಯ?”

“ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳ್ಲಿಲ್ಲ, ಕೂಗಿದ್ರು.”

ಯಂತ್ರದ ಹೆಸರು ಚಾರ್ಟಿನಲ್ಲಿ ಯಾಕಿದೆ ಎನ್ನುವುದನ್ನೂ ಮೇಸ್ತ್ರಿಯೇ ಹೇಳಿದ. ಆರು ಗಂಟೆ ದುಡಿದರೆ ದೊಡ್ಡಮ್ಮನಿಗೆ ಎರಡು ಗಂಟೆ ವಿಶ್ರಾಂತಿ ಕೊಡಬೇಕು, ಇಲ್ಲದಿದ್ದರೆ ರೋಲರು ಕಾದು ಕೆಂಡವಾಗುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಿಲ್ಲಿಸುತ್ತಿರಲಿಲ್ಲ. ಅದಕ್ಕೇ ಇಸ್ತ್ರಿಯಕ್ಕ ಹಟ ಹಿಡಿದು ಅದಕ್ಕೂ ಆಳುಗಳ ನಡುವೆ ಒಂದು ಸಾಲು ಬರೆಸಿದ್ದಳು. ಡ್ಯೂಟಿ ಇಷ್ಟು, ರಜೆ ಇಷ್ಟು, ಮಂಗಳವಾರ ಎಣ್ಣೆ.

“ಇಡೀ ನೆಲಮಾಳಿಗೇಲಿ ವಾರದ ರಜೆ ತಪ್ಪದೆ ಸಿಗೋದು ಇವಳೊಬ್ಬಳಿಗೇ,” ಎಂದ ಮೇಸ್ತ್ರಿ.

ಗೂಬೆ ರೋಲರಿನ ಬಾಯಿ ನೋಡಿದ. ಶೀಟು ಒಳಗೆ ಹೋಗುವ ಕಡೆ ಎರಡು ಬದಿಗೂ ನಾಲ್ಕು ನಾಲ್ಕು ತೂತು. ತೂತಿನ ಸುತ್ತ ಮಾತ್ರ ಬಣ್ಣ ಹೊಸದು. ಕೈ ಒಳಗೆ ಹೋಗದಂತೆ ಇದ್ದ ಜಾಲರಿಯನ್ನು ಬಿಚ್ಚಿದ ಗುರುತು. ಜಾಲರಿ ಇದ್ದರೆ ಶೀಟು ನಿಧಾನ ಹೋಗುತ್ತದೆ. ಇಲ್ಲದಿದ್ದರೆ ಬೇಗ ಹೋಗುತ್ತದೆ, ಜೊತೆಗೆ ಬೆರಳುಗಳೂ. ಮೂರು ವಾರದ ಹಿಂದೆ ಒಬ್ಬ ಹುಡುಗಿಯ ಕೈ ಹೋಯಿತು. ಅವಳನ್ನು ಎಳೆದು ಉಳಿಸಿದ್ದು ಇಸ್ತ್ರಿಯಕ್ಕ. ಎಳೆಯುವಾಗ ಅವಳ ಅಂಗೈಯೂ ಬೆಂದಿತ್ತು. ಜಾಲರಿ ಬಿಚ್ಚಲು ಹೇಳಿದ್ದನ್ನು ಕಿವಿಯಾರೆ ಕೇಳಿದವಳೂ ಅವಳೊಬ್ಬಳೇ. ಕಾರ್ಮಿಕ ಅಧಿಕಾರಿಯ ಮುಂದೆ ಅವಳ ಹೇಳಿಕೆ ನಾಳೆ ಬೆಳಿಗ್ಗೆ.

ಬಸ್ಸು ಇವತ್ತು ಸಂಜೆ.

ಬಾಗಿಲ ಬಳಿ ಶೀಟು ಸಾಗಿಸುವ ವ್ಯಾನಿನ ಡ್ರೈವರು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಇವತ್ತು ಬೆಳಿಗ್ಗೆಯವರೆಗೂ ಗೂಬೆಯ ಅನುಮಾನ ಇವನ ಮೇಲೇ ಇತ್ತು. ಟಿವಿಯಲ್ಲಿ ಗಡಿ ಚರ್ಚೆ ಬಂದರೆ ದನಿ ಏರಿಸುವವನು, ಊಟದ ಕೋಣೆಯಲ್ಲಿ ಹೊರಗಿನವರ ಬಗ್ಗೆ ಭಾಷಣ ಮಾಡುವವನು. ನಿನ್ನೆಯಿಂದ ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ. ವ್ಯಾನಿನ ನಾಲ್ಕೂ ಚಕ್ರದ ಗಾಳಿ ಇಳಿದಿತ್ತು.

“ಬಾರಪ್ಪ ಗೂಬೆ. ನನ್ನ ತಲೆ ಮೇಲೆ ಕೂರೋಕೆ ಬಂದ್ಯಾ?”

“ಕೂರೋಣ ಅಂತಾನೇ ಬಂದೆ. ತಲೆ ಸಪಾಟಾಗಿಲ್ಲ.”

“ಕೇಳ್ಕೋ. ಹೊರಗಿನೋರು ಹೀಗೆ ನುಗ್ಗಬಾರದು ಅಂತ ಹೇಳಿದೋನು ನಾನೇ. ಇವತ್ತೂ ಹೇಳ್ತೀನಿ. ಮನೆ ಅಂದ್ಮೇಲೆ ಬಾಗಿಲಿಗೆ ಚಿಲಕ ಇರ್ಬೇಕು. ನನ್ನ ತಮ್ಮ ಎರಡು ವರ್ಷದಿಂದ ಕೆಲಸ ಹುಡುಕ್ತಿದಾನೆ. ಇವರನ್ನ ಕೆಳಗೆ ತುಂಬ್ಕೊಂಡು ದುಡಿಸೋರು ಇರೋವರೆಗೂ ಅವನಿಗೆ ಸಿಗಲ್ಲ. ಸುಳ್ಳಾ?”

“ಸುಳ್ಳಲ್ಲ.”

“ಆದ್ರೆ ಅದನ್ನ ಇಸ್ತ್ರಿಯಕ್ಕನ ಮುಖಕ್ಕೆ ಹೇಳಿದೀನಿ. ಅವಳು ನನ್ನ ಮುಖಕ್ಕೆ ಉಗಿದಿದಾಳೆ. ಆಮೇಲೆ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದೀವಿ. ಪಕ್ಕ ಕೂತು ಉಂಡೋರ ಹೆಸರನ್ನ ಡಬ್ಬಿಗೆ ಹಾಕೋ ಜಾತಿ ಅಲ್ಲ ನಂದು.”

“ಗೊತ್ತು. ದೊಡ್ಡಮ್ಮ ಯಾರು ಹೇಳು?”

“ಆ ದರಿದ್ರ ಮೆಷಿನ್ನು. ಯಾಕೆ?”

“ಅಷ್ಟೆ. ನೀನು ಬಚಾವು.”

ಗೂಬೆಯ ತಲೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಗಿತ್ತು. ನೆಲಮಾಳಿಗೆಯಲ್ಲಿ ಒಂದು ದಿನ ನಿಂತವನಿಗೂ ದೊಡ್ಡಮ್ಮ ಯಾರೆಂದು ಗೊತ್ತು. ಹಾಗಾದರೆ ದೂರು ಕೊಟ್ಟವರು ಚಾರ್ಟು ನೋಡಿದವರು, ನೆಲಮಾಳಿಗೆ ನೋಡದವರು.

“ಮೇಸ್ತ್ರಿ, ಚಾರ್ಟು ಇಲ್ಲಿ ಬಿಟ್ರೆ ಇನ್ನೆಲ್ಲಿಗೆ ಹೋಗುತ್ತೆ?”

“ಮೇಲಕ್ಕೆ. ಯಜಮಾನ್ರು ನೋಡೋಕೆ.”

“ಅವರು ಕೆಳಗೆ ಇಳೀತಾರಾ?”

“ಇಳಿದಿದ್ದನ್ನ ನಾನಂತೂ ನೋಡಿಲ್ಲ. ಬ್ಲೀಚ್ ವಾಸನೆಗೆ ತಲೆನೋವು ಬರುತ್ತಂತೆ.”

ಗೂಬೆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಹೀರೋ ಎಂಟ್ರಿ ಹೀಗೇ ಇರಬೇಕು. ಮೂರನೇ ನೆಗೆತಕ್ಕೆ ಒದ್ದೆ ಚಪ್ಪಲಿ ಜಾರಿ ಮೊಣಕಾಲು ತರಚಿತು, ಅದು ಬೇರೆ ವಿಷಯ.

*

ಗಾಜಿನ ಕೋಣೆಯಲ್ಲಿ ಯಜಮಾನರು ಕಾಲರಿಗೆ ಟವೆಲು ಸಿಕ್ಕಿಸಿಕೊಂಡು ಕೂತಿದ್ದರು. ಒಬ್ಬ ಅವರ ಕೆನ್ನೆಗೆ ಪೌಡರು ಒತ್ತುತ್ತಿದ್ದ. ಎದುರಿಗೆ ಕ್ಯಾಮೆರಾ, ದೀಪ, ಟಿವಿಯ ಪರದೆ. ಪರದೆಯ ಕೆಳಗೆ ಪಟ್ಟಿ ಓಡುತ್ತಿತ್ತು: ‘ಗಡಿಗೆ ಗೋಡೆ ಸಾಕೇ? ಮೂರು ಗಂಟೆಗೆ ನೇರ ಚರ್ಚೆ.’

“ಐದು ನಿಮಿಷ ಇದೆ. ಹೇಳು,” ಎಂದರು ಯಜಮಾನರು.

“ಚರ್ಚೇಲಿ ಏನು ಹೇಳ್ತೀರಿ ಸಾರ್?”

“ಹೇಳೋದೇನು? ಒಬ್ಬನನ್ನೂ ಒಳಗೆ ಬಿಡಬಾರದು. ಬಂದವರನ್ನ ಒದ್ದು ಓಡಿಸ್ಬೇಕು.”

“ನಿಮ್ಮ ಕಾಲ ಕೆಳಗೇ ಏಳು ಜನ ಇದ್ರು. ಕೆಲವರು ಒಂಬತ್ತು ವರ್ಷದಿಂದ. ಯಾವತ್ತೂ ಕಾಲು ತುರಿಸ್ಲಿಲ್ವಾ ಒದಿಯೋಕೆ?”

ಪೌಡರಿನವನ ಕೈ ನಿಂತಿತು. ಯಜಮಾನರು ಅವನಿಗೆ ಹೊರಗೆ ಹೋಗಲು ಸನ್ನೆ ಮಾಡಿದರು.

“ಮಾತಿಗೆ ಅಂಕೆ ಇರ್ಲಿ.”

“ಅಂಕೆ ಬೇಕಿರೋದು ನನಗಲ್ಲ ಸಾರ್. ಅವರು ಒಗೆದ ಶೀಟಿನ ಮೇಲೆ ನಿಮ್ಮ ತಾಯಿ ಆಪರೇಷನ್ ಆಗಿ ಮಲಗಿದ್ರು. ಟಿವಿಲಿ ಕೂಗೋರ ಮಕ್ಕಳು ಅದೇ ಶೀಟಿನ ಮೇಲೆ ಹುಟ್ಟಿದಾರೆ. ಆವಾಗ ಯಾರೂ ಶೀಟಿಗೆ ಕಾಗದ ಕೇಳಿಲ್ಲ. ಒಬ್ಬಳು ಬೆಂದ ಕೈ ತೋರಿಸಿ ಮಾತಾಡ್ತೀನಿ ಅಂದ್ಲು ನೋಡಿ, ತಕ್ಷಣ ಕಾನೂನು ನೆನಪಾಯ್ತು. ಜಾಲರಿ ಬಿಚ್ಚಿಸಿದ್ದು ನೀವು. ನಾಳೆ ಅವಳು ಅದನ್ನ ಹೇಳ್ತಾಳೆ. ಅದಕ್ಕೇ ಹೋದ ವಾರದ ಚಾರ್ಟನ್ನ ಇಲಾಖೆಗೆ ಕಳಿಸಿದ್ರಿ. ಕಳಿಸೋ ಅವಸರದಲ್ಲಿ ಒಂದು ಎಡವಟ್ಟು ಮಾಡಿದ್ರಿ. ದೊಡ್ಡಮ್ಮನ ಹೆಸರಿಗೆ ಗೆರೆ ಎಳೆದ್ರಿ.”

ಕ್ಲೈಮ್ಯಾಕ್ಸು. ಗೂಬೆ ಕಣ್ಣು ಮಿಟುಕಿಸದೆ ನಿಂತ. ಈಗ ಎದುರಾಳಿ ಬೆವರಬೇಕು, ಲೋಟ ಕೈಜಾರಬೇಕು.

ಯಜಮಾನರು ನಕ್ಕರು. ಪೌಡರು ಬಿರುಕು ಬಿಡುವಷ್ಟು ನಕ್ಕರು.

“ಆ ಗೋಡೆ ನೋಡು.”

ಗೋಡೆಯ ಮೇಲೆ ಹಳೆಯ ಫೋಟೋ. ದಪ್ಪ ಕನ್ನಡಕದ ಒಬ್ಬ ಹೆಂಗಸು ಹೊಚ್ಚಹೊಸ ಯಂತ್ರಕ್ಕೆ ಒರಗಿ ನಿಂತಿದ್ದಾಳೆ. ಯಂತ್ರದ ಮೇಲೆ ನಾಲ್ಕು ವರ್ಷದ ಒಬ್ಬ ದಢೂತಿ ಹುಡುಗ ಕೂತಿದ್ದಾನೆ.

“ಅವರು ನಮ್ಮಮ್ಮನ ಅಕ್ಕ. ನನ್ನ ದೊಡ್ಡಮ್ಮ. ಈ ಲಾಂಡ್ರಿ ಶುರು ಮಾಡಿದ್ದೇ ಅವರು. ಮೆಷಿನ್ನಿಗೆ ಅವರ ಹೆಸರಿಟ್ಟಿದ್ದು ನಾನು. ಮೇಲೆ ಕೂತಿರೋ ಗುಂಡಣ್ಣ ನಾನೇ. ಮೆಷಿನ್ನನ್ನ ಗಡಿ ದಾಟಿಸಿ ಅಂತ ನಾನು ಕೆಂಪು ಗೆರೆ ಎಳೀತೀನಾ?”

ಗೂಬೆಯ ಹಿನ್ನೆಲೆ ಸಂಗೀತ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡ ಹಾಗೆ ನಿಂತಿತು.

“ಇನ್ನೂ ಕೇಳು. ಏಳು ಜನ ಹೋದ್ರು. ಆಸ್ಪತ್ರೆಯಿಂದ ಬೆಳಿಗ್ಗೆಯಿಂದ ಹನ್ನೊಂದು ಫೋನು, ಶೀಟು ಎಲ್ಲಿ ಅಂತ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೋತೀನಾ? ಅವಳೊಬ್ಬಳ ಬಾಯಿ ಮುಚ್ಚಿಸ್ಬೇಕು ಅಂದ್ರೆ ನನಗೆ ಬೇರೆ ದಾರಿ ಗೊತ್ತು.” ಅವರು ಟವೆಲು ತೆಗೆದು ಕಾಲರು ಸರಿಮಾಡಿಕೊಂಡರು. “ಬರೆದೋರು ಯಾರೋ ಪುಣ್ಯಾತ್ಮರು. ಜಾಲರಿ ಯಾರು ಬಿಚ್ಚಿಸಿದ್ರು ಅಂತ ಹೇಳೋಳು ಐದು ಗಂಟೆಗೆ ಬಸ್ಸು ಹತ್ತುತ್ತಾಳೆ. ನಾನೇನೂ ಮಾಡ್ಲೇ ಇಲ್ಲ. ಕೂತಲ್ಲೇ ಕೂತಿದ್ದೆ.”

ನಾಚಿಕೆ ಇಲ್ಲದವನು ತಪ್ಪಿತಸ್ಥನೂ ಆಗಿರಬೇಕು ಎಂಬ ನಿಯಮವೇನಾದರೂ ಇದ್ದಿದ್ದರೆ ಪತ್ತೇದಾರರ ಬದುಕು ಎಷ್ಟು ಸಲೀಸಾಗಿರುತ್ತಿತ್ತು. ಗೂಬೆಗೆ ಮೈ ಉರಿಯಿತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

“ವಾರ ಮುಗಿದ ಮೇಲೆ ಚಾರ್ಟು ಎಲ್ಲಿಗೆ ಹೋಗುತ್ತೆ?”

“ನಿನ್ನ ಇಸ್ತ್ರಿಯಕ್ಕನ್ನೇ ಕೇಳು. ಶೀಟು ಕದೀತಾರೆ ಅಂತ ಗೇಟಲ್ಲಿ ಎಲ್ಲರ ಚೀಲ ನೋಡಿಸ್ತೀನಿ. ಅವಳ ಚೀಲದಲ್ಲಿ ಪ್ರತಿ ಶನಿವಾರ ಸಿಗೋದು ಹಳೇ ಚಾರ್ಟೊಂದೇ. ದಪ್ಪ ಕಾಗದ, ಮನೇಲಿ ಅತ್ತೆಗೆ ಬೇಕಂತೆ.”

ಕ್ಯಾಮೆರಾದ ಕೆಂಪು ದೀಪ ಹೊತ್ತಿತು. ಯಜಮಾನರ ಮುಖಕ್ಕೆ ದೇಶದ ಚಿಂತೆ ಬಂದು ಕೂತಿತು.

“ನಮಸ್ಕಾರ. ಮೊದಲನೇದಾಗಿ, ಕಾನೂನು ಅಂದ್ರೆ ಕಾನೂನು.”

ಗೂಬೆ ಅಷ್ಟು ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದ. ಈ ಸಲ ಒಂದೊಂದಾಗಿ. ಅತ್ತೆಗೆ ಬೇಕಂತೆ, ಎಂಬ ಮಾತು ಒಂದೊಂದು ಮೆಟ್ಟಿಲಿಗೂ ಒಮ್ಮೊಮ್ಮೆ ಕೇಳಿಸುತ್ತಿತ್ತು.

*

ನಾಲ್ಕು ಮುಕ್ಕಾಲು. ಇಲಾಖೆಯ ಅಂಗಳದಲ್ಲಿ ಬಸ್ಸು ಹೊಗೆಯುಗುಳುತ್ತ ನಿಂತಿತ್ತು. ಕಿಟಕಿಗಳಿಗೆ ಸರಳು. ಮೂರನೇ ಕಿಟಕಿಯಲ್ಲಿ ಇಸ್ತ್ರಿಯಕ್ಕ. ಬ್ಯಾಂಡೇಜು ಸುತ್ತಿದ ಅಂಗೈಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅತ್ತೆಯನ್ನು ಕಂಡು ಕಿಟಕಿಯಿಂದಲೇ ಕೂಗಿದಳು:

“ಅತ್ತೇ, ಸೀರೆ ಯಾವುದು ಹಾಕಿದೀರ? ಆ ಹಸಿರಿದು ಹಾಕಿದ್ರೆ ವಾಪಸ್ ಕೊಡ್ತೀನಿ, ಅದು ಹಬ್ಬಕ್ಕೆ ಇಟ್ಟಿದ್ದು.”

“ಬಾಯಿ ಮುಚ್ಚೇ. ಹಸಿರಿದೇ ಹಾಕಿದೀನಿ. ಚೆನ್ನಾಗಿರೋದು ಉಟ್ಕೋ. ಅವರಿಗೂ ಗೊತ್ತಾಗ್ಲಿ ಯಾರನ್ನ ಕಳಿಸ್ತಿದಾರೆ ಅಂತ.”

ಅಜ್ಜಿ ಬೆಂಚಿನ ಮೇಲೆ ಕೂತಿದ್ದಳು. ಬಟ್ಟೆ ಸೊಸೆಗೆ ಹೋಗಿತ್ತು, ಅವಳಿನ್ನೂ ಗಂಟು ಬಿಚ್ಚಿರಲಿಲ್ಲ. ಸುತ್ತಿದ್ದ ಕಾಗದಗಳನ್ನು ಮಾತ್ರ ಸಾಹೇಬರು ಹಿಂದಿರುಗಿಸಿದ್ದರು. ಗೂಬೆ ಪಕ್ಕದಲ್ಲಿ ಕೂತು ಅವನ್ನು ಮೊಣಕಾಲ ಮೇಲೆ ಹರಡಿದ. ನಾಲ್ಕು ಚಾರ್ಟು. ನಾಲ್ಕು ವಾರ. ಎಲ್ಲ ಇದ್ದವು, ಹೋದ ವಾರದ್ದೊಂದು ಬಿಟ್ಟು.

ತಿರುಗಿಸಿ ನೋಡಿದ. ಪ್ರತಿ ಚಾರ್ಟಿನ ಹಿಂಬದಿಯಲ್ಲೂ ದಪ್ಪ ಅಕ್ಷರ. ‘ಬೆಳಿಗ್ಗೆ ಎರಡು, ಮಧ್ಯಾಹ್ನ ಅರ್ಧ, ಮಲಗುವಾಗ ಒಂದು.’ ವಾರ ವಾರದ ಮಾತ್ರೆಗಳು. ಎಲ್ಲವೂ ಕೆಂಪು ಪೆನ್ಸಿಲಿನಲ್ಲಿ.

ಗೂಬೆ ಅಜ್ಜಿಯ ತುರುಬಿನ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

“ಅಜ್ಜೀ. ನೀವು ಯಾವತ್ತಾದ್ರೂ ದೊಡ್ಡಮ್ಮನ್ನ ನೋಡಿದೀರಾ?”

“ನಾನ್ಯಾಕೆ ನೋಡ್ಲಿ ಆ ರಾಕ್ಷಸೀನ. ಒಳಗೆ ಯಾರನ್ನೂ ಬಿಡಲ್ಲ. ನೋಡಿಲ್ಲ, ಆದ್ರೆ ಕೇಳಿದೀನಿ. ದಿನಾ ಸಂಜೆ ಬಂದು ಇದೇ ಪುರಾಣ. ದೊಡ್ಡಮ್ಮ ಇವತ್ತು ಕೆಂಡ ಆಗಿದ್ಲು. ದೊಡ್ಡಮ್ಮ ಇವತ್ತು ಒಂದು ಹುಡುಗಿ ಕೈ ಮುರಿದ್ಲು. ಒಂದಿನ ಇವಳ ಅಂಗೈಯೇ ಬೇಯಿಸಿ ಕಳಿಸಿದ್ಲು. ನೀನೇ ಹೇಳು, ಇನ್ನೊಬ್ಬರ ಮನೆ ಹೆಣ್ಣುಮಗಳ ಕೈ ಸುಡೋಳು ಹೆಂಗಸಾ?”

ಗೂಬೆ ಚಾರ್ಟುಗಳನ್ನು ಮತ್ತೆ ಹೆಸರಿನ ಕಡೆಗೆ ತಿರುಗಿಸಿದ.

“ನಾನೂ ಸುಮ್ನಿರ್ಲಿಲ್ಲ ಬಿಡು. ಯಾರಿಗೂ ಹೇಳ್ಬೇಡ. ಆ ಕಂಬದಲ್ಲಿ ಬರೆದಿದಾರಲ್ಲ, ಹೆಸರು ಬೇಡ, ಸಹಿ ಬೇಡ ಅಂತ. ಕಾಗದ ಇರೋ ಹೆಂಗಸು ಆ ನೆಲಮಾಳಿಗೇಲಿ ಯಾಕೆ ದುಡೀತಾಳೆ? ಹೋಗ್ಲಿ ಅವಳು, ಪೀಡೆ ತೊಲಗ್ಲಿ ಅಂತ, ಅವಳ ಹೆಸರಿಗೆ ಗೆರೆ ಎಳೆದು ಚಾರ್ಟನ್ನೇ ಡಬ್ಬಿಗೆ ಹಾಕಿದೆ. ಒಬ್ಬಳಿಗೇ ಎಳೆದಿದ್ದು. ಮರದ ಅಂಗಡೀಲಿ ಇಪ್ಪತ್ತು ಹಲಗೆ ಮುಂದಿಟ್ರೂ ನಾನು ಗೆರೆ ಎಳೆದ ತುಂಡನ್ನ ಮಾತ್ರ ಕುಯ್ತಿದ್ರು. ಒಂದಿನವೂ ತಪ್ಪಿಲ್ಲ.” ಅಜ್ಜಿ ಬಸ್ಸಿನ ಕಡೆ ನೋಡಿದಳು. “ಅವಳು ಹೇಗೋ ತಪ್ಪಿಸ್ಕೊಂಡ್ಲು. ಅದೇ ಹೊತ್ತಿಗೆ ಯಾವನೋ ಪಾಪಿ ಇವರೆಲ್ಲರ ಹೆಸರು ಬರೆದು ಹಾಕಿದಾನೆ. ಯಾರು ಮಗಾ ಅವನು? ಸಿಕ್ಕಿದ್ನಾ?”

ಬಸ್ಸಿನ ಡ್ರೈವರು ಹಾರನ್ನು ಒತ್ತಿದ.

ಗೂಬೆ ಜೀವನದಲ್ಲಿ ಎಷ್ಟೋ ಸಿನಿಮಾಗಳ ಡೈಲಾಗು ಬಾಯಿಪಾಠ ಮಾಡಿದ್ದ. ಈ ಸೀನಿಗೆ ಒಂದೂ ಹೊಂದಲಿಲ್ಲ.

“ಅಜ್ಜೀ, ದೊಡ್ಡಮ್ಮ ಹೆಂಗಸಲ್ಲ,” ಎಂದ. “ಮೆಷಿನ್ನು. ಇಸ್ತ್ರಿ ಮೆಷಿನ್ನು.”

ಅಜ್ಜಿ ನಕ್ಕಳು. ಹುಡುಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಅವನ ಮುಖ ನೋಡಿದಳು. ನಗು ತುಟಿಯ ಮೇಲೇ ಇತ್ತು, ಉಳಿದ ಮುಖ ಅದನ್ನು ಬಿಟ್ಟು ಹೋಯಿತು. ಅವಳ ಕಣ್ಣು ಚಾರ್ಟಿನ ಮೇಲೆ ಒಂದೊಂದೇ ಹೆಸರಾಗಿ ಇಳಿಯಿತು. ಒಂದು, ಎರಡು, ಮೂರು. ನಾಲ್ಕನೆಯದು ಇಸ್ತ್ರಿಯಕ್ಕ. ಐದನೆಯದರ ಮೇಲೆ ಬೆರಳು ನಿಂತಿತು.

“ಬೇರೆ ಯಾರೂ ಬರೆದಿಲ್ಲ ಅಲ್ವಾ?” ಎಂದಳು.

ಗೂಬೆ ಇಲ್ಲ ಎಂದು ತಲೆ ಅಲ್ಲಾಡಿಸಿದ.

ಕಚೇರಿಯ ಕಿಟಕಿಯಿಂದ ಸೀಲು ಸಾಹೇಬರು ಕೂಗಿದರು. “ಏನಪ್ಪ, ಸಿಕ್ಕಿತಾ ಹೆಸರು? ಯಜಮಾನನೇ ಆಗಿದ್ರೆ ಈಗ್ಲೇ ಬರೆದುಕೊಡಿ, ಬಸ್ಸು ನಿಲ್ಲಿಸ್ತೀನಿ. ಇಲ್ಲಾಂದ್ರೆ ಐದು ನಿಮಿಷದಲ್ಲಿ ಗೇಟು ತೆಗೀತಾರೆ.”

ನಿಜ ಹೇಳಿದರೆ ಸೊಸೆ ಹೋಗುತ್ತಾಳೆ, ಜಾಲರಿ ಬಿಚ್ಚಿಸಿದವನು ಟಿವಿಯಲ್ಲಿ ಕಾನೂನು ಪಾಠ ಹೇಳುತ್ತ ಉಳಿಯುತ್ತಾನೆ. ಸುಳ್ಳು ಹೇಳಿದರೆ ಸೊಸೆ ಉಳಿಯುತ್ತಾಳೆ, ನಾಳೆ ಬೆಳಿಗ್ಗೆ ಬಾಯಿ ಬಿಡುತ್ತಾಳೆ. ಗೂಬೆ ಕೂರಿಸಲು ಅಲ್ಲೊಂದು ತಲೆ ಸಿದ್ಧವಾಗಿಯೇ ಇತ್ತು, ಅದಕ್ಕೆ ಯೋಗ್ಯವಾಗಿಯೂ ಇತ್ತು. ಆದರೆ ಆ ಒಂದು ತಪ್ಪನ್ನು ಮಾತ್ರ ಅದು ಮಾಡಿರಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ನಿಂತಿದ್ದಳು. ತುರುಬಿನಿಂದ ಪೆನ್ಸಿಲನ್ನು ಎಳೆದು, ಕೆಂಪು ಮೊನೆ ಒಳಗಾಗುವಂತೆ ಅವನ ಜೇಬಿಗೆ ಇಳಿಸಿದಳು. ನಾಲ್ಕು ಚಾರ್ಟುಗಳನ್ನು ಮಡಿಚಿ ಅವನ ತೋಳಿನ ಸಂದಿಗೆ ಸಿಕ್ಕಿಸಿದಳು.

“ನೀನು ಏನೂ ನೋಡಿಲ್ಲ,” ಎಂದಳು. “ತಪ್ಪು ಗೆರೆ ಎಳೆದ ಹಲಗೇನ ನಾನೇ ಸರಿ ಮಾಡ್ತೀನಿ.”

“ಅಜ್ಜೀ, ಸುಳ್ಳು ಅಂತ ಗೊತ್ತಾದ್ರೆ ನಿಮ್ಮ ಕಾಗದ ಹೋಗುತ್ತೆ.”

“ಹೋದ್ರೆ ಅದೇ ಬಸ್ಸು ತಾನೆ? ಕಿಟಕಿ ಪಕ್ಕ ಅವಳು ಕೂತಿದಾಳೆ, ಈಚೆ ಸೀಟಲ್ಲಿ ನಾನು.”

ಅವಳು ಬೆನ್ನು ನೆಟ್ಟಗೆ ಮಾಡಿ ಕೌಂಟರಿಗೆ ನಡೆದಳು. ಕೈ ಚಾಚಿದಳು. “ಪೆನ್ನು ಕೊಡಪ್ಪ. ಯಜಮಾನನ ಹೆಸರು ಬರೀತೀನಿ.”

ಸಾಹೇಬರು ಪೆನ್ನು ಕೊಟ್ಟರು. ಅಂಗಳದ ಕಡೆ ಕೈ ಎತ್ತಿ ಬಸ್ಸಿನ ಎಂಜಿನ್ನು ನಿಲ್ಲಿಸಲು ಹೇಳಿದರು. ಎಂಜಿನ್ನು ನಿಂತಿತು. ಮೂರನೇ ಕಿಟಕಿಯಲ್ಲಿ ಇಸ್ತ್ರಿಯಕ್ಕ ಎದ್ದು ನಿಂತಳು.

ಅಜ್ಜಿ ಒಂದೊಂದೇ ಅಕ್ಷರ ಬರೆದಳು. ಮರದ ಮೇಲೆ ಬರೆದು ಅಭ್ಯಾಸವಾದ ಕೈ. ದಪ್ಪ, ದೂರದೂರ, ಪ್ರತಿ ಅಕ್ಷರಕ್ಕೂ ಕೊನೆಯಲ್ಲಿ ಒಂದು ಸಣ್ಣ ಕೊಕ್ಕೆ.

“ಸಹಿ ಹಾಕೋ ಮುಂಚೆ ಒಂದು ಕ್ರಮ ಇದೆ,” ಎಂದರು ಸಾಹೇಬರು. “ಮೂಲ ಹಾಳೆ ಜೊತೆ ತಾಳೆ ನೋಡ್ಬೇಕು.”

ಬೀರುವಿನಿಂದ ಲಕೋಟೆ ತಂದು ಹಾಳೆಯನ್ನು ಬಿಡಿಸಿದರು. ಹೋದ ವಾರದ ಚಾರ್ಟು. ಐದನೇ ಸಾಲಿಗೆ ಕೆಂಪು ಗೆರೆ. ಅಲ್ಲಿಗೆ ಮುಗಿಸುವವರಿದ್ದರು. ಅಷ್ಟರಲ್ಲಿ ಬಾಗಿಲ ಗಾಳಿಗೆ ಹಾಳೆ ಮೇಜಿನ ಮೇಲೆ ಮಗುಚಿ ಬಿತ್ತು.

“ಅರೆ, ಹಿಂದುಗಡೆ ಏನೋ ಬರೆದಿದೆ. ತಿರುಗಿಸಿ ನೋಡೋ ಪದ್ಧತಿ ನಮ್ಮಲ್ಲಿಲ್ಲ.”

ಅವರು ಕನ್ನಡಕ ಹಾಕಿಕೊಂಡು ಆ ಕೆಂಪು ಅಕ್ಷರಗಳನ್ನು ಓದಿದರು. ಅಜ್ಜಿ ಈಗಷ್ಟೇ ಬರೆದ ಕಾಗದವನ್ನು ಎಳೆದು ಪಕ್ಕದಲ್ಲಿ ಇಟ್ಟುಕೊಂಡರು. ಒಂದು ಕೊಕ್ಕೆ, ಇನ್ನೊಂದು ಕೊಕ್ಕೆ. ಕೈಯಲ್ಲಿದ್ದ ಸೀಲನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ನಿಧಾನವಾಗಿ ತಲೆ ಎತ್ತಿದರು.

“ಅಜ್ಜೀ, ಮಧ್ಯಾಹ್ನ ನನ್ನೆದುರಿಗೇ ನೀವು ಮಾತ್ರೆ ಮುರಿದು ನುಂಗಿದ್ರಲ್ಲ. ಎಷ್ಟು ನುಂಗಿದ್ರಿ, ಅರ್ಧಾನಾ?”